ಅಡ್ರೆಸ್ ಸೋರಿದ್ರೆ ಜಾತಿ ಸೋರಿದ ಹಾಗೆ

ಗೆಳೆಯರೇ, ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತಾದಾಗ ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಜಗಳ ಆಡೋಣ.

ಯಾವುದಾದರೂ ಆನ್‌ಲೈನ್ ಅಂಗಡಿಯಿಂದ ಗಿರಾಕಿಗಳ ಮಾಹಿತಿ ಕಳುವಾದಾಗ ಅಂಗಡಿಯವರು ಹೇಳೋ ಮಾತು ಹೆಚ್ಚೂಕಮ್ಮಿ ಒಂದೇ. "ಗಾಬರಿ ಆಗಬೇಡಿ, ನಿಮ್ಮ ಕಾರ್ಡಿನ ವಿವರ ಹೋಗಿಲ್ಲ. ಹೋಗಿರೋದು ಬರೀ ಹೆಸರು, ಫೋನ್ ನಂಬರು, ಅಡ್ರೆಸ್." ಈ 'ಬರೀ' ಅನ್ನೋ ಪದದ ಮೇಲೆ ನನ್ನ ತಕರಾರು. ಯಾರಿಗೆ ಬರೀ? ರಥಬೀದಿಯವರಿಗೆ, ಪೇಟೆಬೀದಿಯವರಿಗೆ ಅಡ್ರೆಸ್ ಅಂದ್ರೆ ಪಾರ್ಸೆಲ್ ಬಂದು ಮುಟ್ಟೋ ಜಾಗ, ಅಷ್ಟೇ. ನಮಗೆ ಅಡ್ರೆಸ್ ಅಂದ್ರೆ ಜಾತಿ.

ನಮ್ಮ ಶಿಕಾರಿಪುರ, ಸೊರಬ ಸೀಮೆಯ ಯಾವುದೇ ಹಳ್ಳಿ ತಗೊಳ್ಳಿ. ಅಕ್ಕ ಮಹಾದೇವಿ ಹುಟ್ಟಿದ ಉಡುತಡಿ ಕಡೆಯದ್ದೇ ಇರಲಿ. ಆನ್‌ಲೈನ್ ಅಂಗಡಿ ಏನೇನು ಕೇಳುತ್ತೆ? ಹೆಸರು. ಮೊಬೈಲ್ ನಂಬರು. ಬೀದಿ ಅಥವಾ ಬಡಾವಣೆ. ಲ್ಯಾಂಡ್‌ಮಾರ್ಕ್. ಊರು, ತಾಲ್ಲೂಕು, ಪಿನ್‌ಕೋಡ್. ಕೇರಿಯ ಹುಡುಗ ಅಲ್ಲಿ ಏನು ತುಂಬಬೇಕು? 'ಎ.ಕೆ. ಕಾಲೊನಿ'. ಇಲ್ಲಾಂದ್ರೆ 'ಜನತಾ ಕಾಲೊನಿ', 'ಅಂಬೇಡ್ಕರ್ ನಗರ', 'ಜಗಜೀವನರಾಂ ನಗರ'. ಲ್ಯಾಂಡ್‌ಮಾರ್ಕ್ ಜಾಗದಲ್ಲಿ 'ಮಾತಂಗಮ್ಮನ ಗುಡಿ ಹತ್ರ'. ಅಲ್ಲಿಗೆ ಮುಗೀತು. ಫಾರಂನಲ್ಲಿ ಜಾತಿ ಕಾಲಂ ಇಲ್ಲದಿದ್ರೂ ಜಾತಿ ತುಂಬಿಕೊಟ್ಟ ಹಾಗೇ ಆಯ್ತು.

ಇದು ನನ್ನ ಒಬ್ಬನ ಕಲ್ಪನೆ ಅಲ್ಲ, ಸರ್ಕಾರಗಳೇ ಒಪ್ಪಿಕೊಂಡಿರೋ ಮಾತು. 2020ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ಜಾತಿ ಹೆಸರಿನ ಬಡಾವಣೆಗಳ ಹೆಸರು ಬದಲಾಯಿಸೋಕೆ ತೀರ್ಮಾನ ಮಾಡ್ತು. 2024ರ ಜೂನ್‌ನಲ್ಲಿ ಕೇರಳದ ಸಚಿವರಾಗಿದ್ದ ಕೆ. ರಾಧಾಕೃಷ್ಣನ್ ಅವರು ಹುದ್ದೆ ಬಿಡೋ ಹೊತ್ತಲ್ಲಿ, ಪರಿಶಿಷ್ಟರು ವಾಸ ಮಾಡೋ ಜಾಗಗಳಿಗೆ 'ಕಾಲೊನಿ' ಅನ್ನೋ ಪದ ಬಳಸಬಾರದು ಅಂತ ಆದೇಶ ಹೊರಡಿಸಿದ್ರು. ಕಾಸರಗೋಡಿನ ನಮ್ಮ ಕನ್ನಡದ ಬಂಧುಗಳಿಗೆ ಇದು ನೆನಪಿರುತ್ತೆ. ಆ ಪದ ಅಲ್ಲಿ ವಾಸ ಮಾಡೋರಿಗೆ ಅವಮಾನ ತರುತ್ತೆ ಅನ್ನೋದೇ ಕಾರಣ. ಹಾಗಿದ್ರೆ ಅದೇ ಪದ ಸಾವಿರಾರು ಹೆಸರಿನ ಜೊತೆ ಸೇರಿ ಕಳ್ಳರ ಕೈಗೆ ಹೋದಾಗ 'ಬರೀ ಅಡ್ರೆಸ್' ಹೇಗಾಗುತ್ತೆ?

ನಮ್ಮ ಜನಕ್ಕೆ ಆನ್‌ಲೈನ್ ಅಂಗಡಿ ಯಾಕೆ ಹಿಡಿಸ್ತು ಅನ್ನೋದನ್ನ ಮೊದಲು ಹೇಳಬೇಕು. ರಿಯಾಯಿತಿ ಸಿಗುತ್ತೆ ಅನ್ನೋದಷ್ಟೇ ಅಲ್ಲ. ಊರಿನ ಅಂಗಡಿ ಕಟ್ಟೆ ಕೆಳಗೆ ನಿಂತು ಸಾಮಾನು ತಗೊಂಡೋರು ನಮ್ಮ ಹಿರಿಯರು. ದುಡ್ಡು ಕಟ್ಟೆ ಮೇಲೆ ಇಡಬೇಕು, ಸಾಮಾನು ಮೇಲಿಂದ ಸೆರಗಿಗೆ ಬೀಳಬೇಕು. ಹೋಟೆಲಿನಲ್ಲಿ ಬೇರೆ ಲೋಟ. ಕಾನೂನು ಬಂದು ಎಷ್ಟೋ ಕಡೆ ಇವೆಲ್ಲ ನಿಂತಿರಬಹುದು, ಅಂಗಡಿಯವನ ಕಣ್ಣು ಮಾತ್ರ ನಿಂತಿಲ್ಲ. ಕೇರಿ ಹುಡುಗಿ ಲಿಪ್‌ಸ್ಟಿಕ್ ಕೇಳಿದ್ರೆ, ಒಳ್ಳೆ ಶೂ ಕೇಳಿದ್ರೆ, "ಓಹೋ, ಇವರಿಗೂ ಬೇಕಾ?" ಅನ್ನೋ ಆ ಕಣ್ಣು.

ಫೋನಿನೊಳಗಿನ ಅಂಗಡಿಗೆ ಆ ಕಣ್ಣಿಲ್ಲ. ರಟ್ಟಿನ ಡಬ್ಬಿ ಕಟ್ಟೆ ಹತ್ತಿ ನಿಲ್ಲು, ಇಳಿದು ನಿಲ್ಲು ಅನ್ನಲ್ಲ. ನಮ್ಮ ಹೆಣ್ಣುಮಕ್ಕಳು ಮೊದಲ ಸಲ ಯಾರ ಮುಖಾನೂ ನೋಡದೆ ತಮಗೆ ಬೇಕಾದ ಬಟ್ಟೆ ತರಿಸಿಕೊಂಡ್ರು. ಹುಡುಗರು ಬಾಬಾಸಾಹೇಬರ ಪುಸ್ತಕ, ಪರೀಕ್ಷೆಯ ಗೈಡು ತರಿಸಿಕೊಂಡ್ರು. ಇದು ಸಣ್ಣ ವಿಷಯ ಅಲ್ಲ. ಈ ನಂಬಿಕೆ ಮೇಲೇ ಅವರು ತಮ್ಮ ಹೆಸರು, ನಂಬರು, ಕೇರಿ ಹೆಸರು ಎಲ್ಲಾ ಬರೆದುಕೊಟ್ಟಿದ್ದು. ಅಂಗಡಿಯವರು ಇದನ್ನ 'ಕಸ್ಟಮರ್ ಡೇಟಾ' ಅಂತಾರೆ. ನಾನು ಇದನ್ನ ನಂಬಿ ಕೊಟ್ಟ ಒತ್ತೆ ಅಂತೀನಿ.

ಹಾಗಂತ ಮಾಹಿತಿ ಸೋರಿಕೆ ಹೊಸದೇನಲ್ಲ. ಹಳ್ಳಿ ಅಂಗಡಿಯ ಉದ್ರಿ ಪುಸ್ತಕ ನೆನಪು ಮಾಡ್ಕೊಳ್ಳಿ. ಯಾರು ಎಷ್ಟು ಸಾಲ, ಯಾವ ಹಬ್ಬಕ್ಕೆ ಎಷ್ಟು ಬೆಲ್ಲ, ಯಾರ ಮನೇಲಿ ಅಕ್ಕಿ ಮುಗಿದಿದೆ, ಎಲ್ಲಾ ಅದರಲ್ಲೇ. ಜಾತ್ರೆ ಹಿಂದಿನ ದಿನ ನಾಲ್ಕು ಜನ ಕೂತಿರುವಾಗ ಅಂಗಡಿಯವನು ಪುಸ್ತಕ ತೆಗೆದು ಗಟ್ಟಿಯಾಗಿ ಓದಿದ್ರೆ ಮುಗೀತು, ಮರ್ಯಾದೆ ಬೀದಿಪಾಲು. ಗೌಡರ ಬಾಕಿಯನ್ನ ಯಾರೂ ಹಾಗೆ ಓದ್ತಿರಲಿಲ್ಲ ಅನ್ನೋದನ್ನೂ ನೆನಪಿಡಿ. ಆ ಪುಸ್ತಕ ಈಗ ಕಂಪ್ಯೂಟರ್ ಒಳಗೆ ಹೋಗಿದೆ. ಅವತ್ತು ಕೇಳಿಸಿಕೊಂಡೋರು ಕಟ್ಟೆ ಮೇಲಿನ ನಾಲ್ಕು ಜನ, ಇವತ್ತು ಇಡೀ ಪ್ರಪಂಚ.

ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ ಇದೆ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು 2 ಕೋಟಿ ಗಿರಾಕಿಗಳ ಮಾಹಿತಿ ಡಾರ್ಕ್‌ವೆಬ್‌ನಲ್ಲಿ ಮಾರಾಟಕ್ಕಿದೆ ಅಂತ ಸೈಬಲ್ ಅನ್ನೋ ಸೈಬರ್ ಭದ್ರತಾ ಸಂಸ್ಥೆ ಹೊರಗೆ ಹಾಕ್ತು. ಹೆಸರು, ಇಮೇಲ್, ಫೋನ್ ನಂಬರು, ವಿಳಾಸ, ಹುಟ್ಟಿದ ದಿನಾಂಕ ಎಲ್ಲಾ ಅದರಲ್ಲಿತ್ತು. ಕೇಳಿದ ಬೆಲೆ 40,000 ಡಾಲರ್, ಅಂದ್ರೆ ಸುಮಾರು 30 ಲಕ್ಷ ರೂಪಾಯಿ. ಭಾಗಾಕಾರ ಮಾಡಿ ನೋಡಿ: ಒಬ್ಬೊಬ್ಬ ಗಿರಾಕಿಗೆ 15 ಪೈಸೆ. ಕಂಪನಿ ಬೆಂಗಳೂರಿನ ಸೈಬರ್ ಕ್ರೈಂ ಪೊಲೀಸರಿಗೆ ದೂರು ಕೊಟ್ತು, ಹಣಕಾಸಿನ ವಿವರ ನಾವು ಇಟ್ಟುಕೊಳ್ಳೋದೇ ಇಲ್ಲ ಅಂತ ಹೇಳ್ತು. 2021ರ ಏಪ್ರಿಲ್‌ನಲ್ಲಿ ಅದೇ ಮಾಹಿತಿ ಪುಕ್ಕಟೆಯಾಗಿ ಹರಿದಾಡ್ತು. 15 ಪೈಸೆನೂ ಉಳಿಲಿಲ್ಲ.

ಅದೇ 2021ರ ಮೇ ತಿಂಗಳಲ್ಲಿ ಡಾಮಿನೋಸ್ ಪಿಜ್ಜಾದ ಭಾರತದ ಗಿರಾಕಿಗಳ 18 ಕೋಟಿ ಆರ್ಡರ್‌ಗಳ ವಿವರ ಹೊರಗೆ ಬಂತು. ಕದ್ದೋರು ಅದಕ್ಕೊಂದು ಹುಡುಕೋ ಪುಟಾನೇ ಮಾಡಿಟ್ಟಿದ್ರು. ಒಂದು ಮೊಬೈಲ್ ನಂಬರು ಹಾಕಿದ್ರೆ ಸಾಕು, ಆ ಮನುಷ್ಯ ಎಲ್ಲೆಲ್ಲಿಗೆ ಊಟ ತರಿಸಿಕೊಂಡಿದ್ದಾನೆ ಅನ್ನೋದು ತೆರೆದುಕೊಳ್ತಿತ್ತು. ಆಗಲೂ ಬಂದ ಸಮಾಧಾನ ಅದೇ: ಹಣಕಾಸಿನ ಮಾಹಿತಿ ಭದ್ರವಾಗಿದೆ.

ಈಗ ಆ ಹುಡುಕೋ ಪುಟದ ಮುಂದೆ ಯಾರು ಕೂತಿರಬಹುದು ಯೋಚನೆ ಮಾಡಿ. ಊರು ಬಿಟ್ಟು ಓಡಿಬಂದು ಅಂತರ್ಜಾತಿ ಮದುವೆಯಾದ ಜೋಡಿ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಒಂದು ರೂಮು ಮಾಡ್ಕೊಂಡಿರ್ತಾರೆ. ಅವರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಹುಡುಗಿಯ ಹಳೇ ಮೊಬೈಲ್ ನಂಬರು ಅವಳ ಅಣ್ಣನಿಗೆ ಗೊತ್ತು. ಅಷ್ಟೇ ಸಾಕು. ಮರ್ಯಾದೆಗೇಡು ಹತ್ಯೆಗಳ ನಾಡು ನಮ್ಮದು. ಇಲ್ಲಿ ಅಡ್ರೆಸ್ ಅನ್ನೋದು ಕೆಲವರಿಗೆ ಕಾರ್ಡ್ ನಂಬರಿಗಿಂತ, ಪಿನ್‌ಗಿಂತ ದೊಡ್ಡ ಗುಟ್ಟು. ಕಾರ್ಡ್ ಹೋದ್ರೆ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಬಹುದು, ಹೊಸದು ಬರುತ್ತೆ. ಕೇರಿ ಬ್ಲಾಕ್ ಮಾಡಿಸೋಕಾಗುತ್ತಾ? ಹುಟ್ಟಿದ ಮನೆ ಬದಲಾಯಿಸೋಕಾಗುತ್ತಾ?

ಬಾಡಿಗೆ ಮನೆಯವರ ಕಥೆಯೂ ಇದೇ. ಪೇಟೆಯಲ್ಲಿ ಜಾತಿ ಹೇಳದೆ ಮನೆ ಹಿಡಿದಿರೋ ನಮ್ಮವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೋಡಾದ ಅನುಭವ ಬರೆದಿದ್ದಾರೆ. ಅಮೆರಿಕದಲ್ಲಿ ಓದಿ ಬಂದ ಮನುಷ್ಯನಿಗೆ ಇಡೀ ಊರಲ್ಲಿ ಉಳಿಯೋಕೆ ಜಾಗ ಇಲ್ಲ. ಕೊನೆಗೆ ಒಂದು ಪಾರ್ಸಿ ಛತ್ರದ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದ್ರು. ಅವರು ಯಾರು ಅನ್ನೋದು ಗೊತ್ತಾದ ಮೇಲೆ ದೊಣ್ಣೆ ಹಿಡಿದ ಗುಂಪು ಬಂತು, ಅವತ್ತೇ ಖಾಲಿ ಮಾಡಬೇಕಾಯ್ತು. ಜಾತಿಯ ಗುಟ್ಟು ಹೊರಬಿದ್ದರೆ ಈ ದೇಶದಲ್ಲಿ ತಲೆ ಮೇಲಿನ ಸೂರು ಹೋಗುತ್ತೆ ಅನ್ನೋದನ್ನ ನಮಗೆ ಯಾವ ಸೈಬರ್ ತಜ್ಞನೂ ಬಂದು ಕಲಿಸಬೇಕಾಗಿಲ್ಲ.

ಮೋಸಗಾರರಿಗೂ ಇದು ಗೊತ್ತಿದೆ. ನಮ್ಮ ಚಿಕ್ಕವ್ವ ಒಂದು ಸಣ್ಣ ಆನ್‌ಲೈನ್ ಅಂಗಡಿಯಿಂದ ಸೀರೆ ತರಿಸಿದ್ರು. ಹೆಸರು ಬೇಡ ಬಿಡಿ. ಎರಡು ತಿಂಗಳಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಸ್ಕ್ರ್ಯಾಚ್ ಕಾರ್ಡು, ಉಜ್ಜಿದ್ರೆ ಕಾರು ಬಹುಮಾನ. ಅಡ್ರೆಸ್ ಮಾತ್ರ ಅವರು ಸೀರೆಗೆ ಕೊಟ್ಟಿದ್ದೇ, ಕೇರಿ ಹೆಸರಿನ ಸಮೇತ, ಅಕ್ಷರವೂ ತಪ್ಪಿಲ್ಲ. ಇಂಥ ಲಕೋಟೆ ನಿಮ್ಮಲ್ಲೂ ಎಷ್ಟೋ ಜನಕ್ಕೆ ಬಂದಿರುತ್ತೆ. ಆಮೇಲೆ ಫೋನು. "ಅಮ್ಮಾ, ನೀವು ಎಸ್ಸಿ ಅಲ್ವಾ, ನಿಮಗೆ ಟ್ಯಾಕ್ಸಲ್ಲಿ ಸಬ್ಸಿಡಿ ಐತಿ, 12 ಸಾವಿರ ಕಟ್ಟಿದ್ರೆ ಸಾಕು." ಚಿಕ್ಕವ್ವ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಪ್ಪಾ, ನಾನು ಎಸ್ಸಿ ಅಂತ ನಿನಗ್ಯಾರು ಹೇಳಿದ್ರು?" ಫೋನ್ ಕಟ್ಟಾಯ್ತು.

ಆ ಪ್ರಶ್ನೆಯೇ ಈ ಇಡೀ ಪೋಸ್ಟಿನ ಪ್ರಶ್ನೆ.

ಅಂಗಡಿಗೆ ಫೋನ್ ಮಾಡಿ ಕೇಳಿದ್ವಿ. "ನಮ್ಮ ಕಡೆಯಿಂದ ಏನೂ ಹೋಗಿಲ್ಲ" ಅಂದ್ರು. ಒಂದು ತಿಂಗಳಾದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಮೆಸೇಜು ಬಂತು, ಕೆಲವು ಗಿರಾಕಿಗಳ ಮಾಹಿತಿ ಬೇರೆಯವರ ಕೈಗೆ ಸಿಕ್ಕಿರಬಹುದು, ಎಚ್ಚರವಾಗಿರಿ ಅಂತ. ಚಿಕ್ಕವ್ವನಿಗೆ ಅದನ್ನ ಓದಿ ಹೇಳಿದ್ದಕ್ಕೆ ಅವರು ಅಂದಿದ್ದು: "ಕಳ್ಳ ಬರೋದು ಯಾರ ಮನೆಗಾದ್ರೂ ಬರ್ತಾನ. ಆದ್ರ ನಾವು ಕೇಳಿದ ದಿನ ಅವ ಸುಳ್ಳು ಹೇಳಿದ ನೋಡು, ಇನ್ನ ಅವನ ಅಂಗಡಿ ಬ್ಯಾಡ." ಗಿರಾಕಿಯ ನಂಬಿಕೆ ಬಗ್ಗೆ ಇದಕ್ಕಿಂತ ನೆಟ್ಟಗೆ ಯಾರೂ ಹೇಳೋಕಾಗಲ್ಲ. ಕಳ್ಳತನ ಆಗಿದ್ದಕ್ಕೆ ನಂಬಿಕೆ ಹೋಗಲ್ಲ. ಮುಚ್ಚಿಟ್ಟಿದ್ದಕ್ಕೆ ಹೋಗುತ್ತೆ.

ನಮ್ಮ ಸೀಮೆಯೋರಿಗೆ ಇನ್ನೊಂದು ವಿಷಯ ಚೆನ್ನಾಗಿ ಗೊತ್ತಿದೆ. ಉಡುತಡಿಯ ಅಕ್ಕ ಬಟ್ಟೆ ಬಿಟ್ಟು ಕೂದಲು ಹೊದ್ದು ಅರಮನೆಯಿಂದ ಹೊರಟಳು ಅಂತ ಇವತ್ತಿಗೂ ಹೇಳ್ತೀವಿ. ಅದು ಅವಳ ತೀರ್ಮಾನ. ರಾಜನಿಗೆ ಎದುರಾಗಿ ತಗೊಂಡ ತೀರ್ಮಾನ. ಅದೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಏನಾಗ್ತಿತ್ತು? ರೇಣುಕಾಂಬೆಯ ಹೆಸರಲ್ಲಿ ಬೆತ್ತಲೆ ಸೇವೆ. ಬಡವರ, ದಲಿತರ, ಹಿಂದುಳಿದವರ ಮನೆಯ ಹೆಣ್ಣುಮಕ್ಕಳನ್ನ ಹರಕೆ, ಭಯ, ಸಂಪ್ರದಾಯ ಅಂತ ಬಿಚ್ಚಿಸಿ ನಡೆಸ್ತಿದ್ರು, ಸಾವಿರಾರು ಕಣ್ಣು ನೋಡ್ತಿದ್ವು. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರು, ಪ್ರಗತಿಪರರು ಅದನ್ನ ತಡೆಯೋಕೆ ಹೋದಾಗ ಅವರ ಮೇಲೆ, ಪೊಲೀಸರ ಮೇಲೆ ದಾಳಿ ನಡೀತು. ಅದಾದ ಮೇಲೆ ಸರ್ಕಾರ ಆ ಸೇವೆಯನ್ನ ನಿಷೇಧಿಸ್ತು.

ಎರಡೂ ಕಡೆ ಮೈಮೇಲೆ ಬಟ್ಟೆ ಇಲ್ಲ. ಆದ್ರೂ ಎರಡೂ ಒಂದೇನಾ? ತಾನಾಗಿ ಬಯಲಾಗೋದು ಬೇರೆ, ಬಯಲಿಗೆ ಎಳೆಯೋದು ಬೇರೆ. ನಾನು ಇಲ್ಲಿ ನನ್ನ ಜಾತಿ ಹೇಳಿಕೊಂಡು ಬರೀತೀನಿ, ನನ್ನ ಪ್ರೊಫೈಲಿನಲ್ಲಿ ನೀಲಿ ಬಾವುಟ ಇದೆ, ಎದೆ ಮುಟ್ಟಿ ಹೇಳ್ತೀನಿ. ಅದು ನನ್ನ ಹಕ್ಕು. ಆದ್ರೆ ಮತ್ತೊಬ್ಬ ತಮ್ಮ ಐಟಿ ಕಂಪನಿಯಲ್ಲಿ, ಬಾಡಿಗೆ ಮನೆಯಲ್ಲಿ ಹೇಳದೆ ಇರ್ತಾನೆ. ಅದೂ ಅವನ ಹಕ್ಕು. ಅವನ ಪರವಾಗಿ ಒಂದು ಅಂಗಡಿಯ ಸೋರಿದ ಪಟ್ಟಿ ತೀರ್ಮಾನ ಮಾಡಬಾರದು. "ನೀವೇ ಜಾತಿ ಹೇಳ್ಕೊಂಡು ಓಡಾಡ್ತೀರಲ್ಲ, ಸೋರಿದ್ರೆ ಏನೀಗ?" ಅಂತ ಕಾಮೆಂಟ್ ಹಾಕೋರಿಗೆ ಇದೇ ನನ್ನ ಉತ್ತರ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳ್ತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹಕ್ಕು ಬಂತು, ಅದನ್ನ ಕಾಯೋ ಕಾನೂನು ಎಂಥದ್ದು ಬಂತು ನೋಡೋಣ.

2019ರಲ್ಲಿ ಸಂಸತ್ತಿಗೆ ಬಂದ ಮಸೂದೆಯಲ್ಲಿ 'ಸೂಕ್ಷ್ಮ ವೈಯಕ್ತಿಕ ಮಾಹಿತಿ' ಅಂತ ಒಂದು ಪ್ರತ್ಯೇಕ ವರ್ಗ ಇತ್ತು. ಆರೋಗ್ಯ, ಹಣಕಾಸು, ಬೆರಳಚ್ಚಿನ ಜೊತೆ 'ಜಾತಿ ಅಥವಾ ಬುಡಕಟ್ಟು' ಅಂತಲೂ ಅದರಲ್ಲಿ ಸೇರಿಸಿದ್ರು. ಇಂಥ ಮಾಹಿತಿಗೆ ಹೆಚ್ಚಿನ ಕಾವಲು ಬೇಕು ಅನ್ನೋದು ಅದರ ಅರ್ಥ. ಆ ಮಸೂದೆ ವಾಪಸ್ ಹೋಯ್ತು. 2023ರ ಆಗಸ್ಟ್‌ನಲ್ಲಿ ಪಾಸಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ನಿಮ್ಮ ಜಾತಿ, ನಿಮ್ಮ ಚಪ್ಪಲಿಯ ಅಳತೆ, ಕಾನೂನಿನ ಕಣ್ಣಲ್ಲಿ ಎರಡೂ ಒಂದೇ ತೂಕ. ಇದರ ಬಗ್ಗೆ ನಮ್ಮ ಸಂಘಟನೆಗಳಲ್ಲಿ ಎಷ್ಟು ಚರ್ಚೆ ಆಗಬೇಕಿತ್ತೋ ಅಷ್ಟು ಆಗಿಲ್ಲ.

ಆ ಕಾಯ್ದೆಯ ಇನ್ನೂ ನಾಲ್ಕು ಸಂಗತಿ ಗೊತ್ತಿರಲಿ.

ಒಂದು, ಮಾಹಿತಿ ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಸೋರಿದ್ದನ್ನ ತಿಳಿಸದೆ ಇದ್ರೆ 200 ಕೋಟಿವರೆಗೆ. ಕೇಳೋಕೆ ಚೆಂದ. ಆದ್ರೆ ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತೆ, ಮಾಹಿತಿ ಕಳಕೊಂಡೋರಿಗೆ ಬಿಡಿಗಾಸೂ ಇಲ್ಲ. ಮೊದಲಿನ ಐಟಿ ಕಾಯ್ದೆಯ 43ಎ ಕಲಂ ಪ್ರಕಾರ ಪರಿಹಾರ ಕೇಳೋಕೆ ಅವಕಾಶ ಇತ್ತು. ಹೊಸ ಕಾಯ್ದೆ ಆ ಕಲಮನ್ನೇ ತೆಗೆದುಹಾಕುತ್ತೆ.

ಎರಡು, ಸೋರಿಕೆಯಾದ್ರೆ ಗಿರಾಕಿಗೆ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು ಅಂತ ನಿಯಮ ಇದೆ. ಆ ನಿಯಮಗಳು ಹೊರಬಿದ್ದಿದ್ದು 2025ರ ನವೆಂಬರ್‌ನಲ್ಲಿ. ಗಿರಾಕಿಗೆ ತಿಳಿಸೋ ಭಾಗ ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳ ಗಡುವು, ಅಂದ್ರೆ 2027ರ ಮೇ. ಇತ್ತ 2022ರ ಏಪ್ರಿಲ್‌ನಿಂದಲೇ ಇರೋ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಕಾರಿ ಸಂಸ್ಥೆಗೆ ವರದಿ ಮಾಡಬೇಕು. ಸರ್ಕಾರಕ್ಕೆ 6 ಗಂಟೆ, ಗಿರಾಕಿಗೆ 18 ತಿಂಗಳು ಕಾಯಿ.

ಮೂರು, ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ರೆ ಗಿರಾಕಿಗೇ 10,000 ರೂಪಾಯಿವರೆಗೆ ದಂಡ. ಕೂಲಿ ಮಾಡೋ ಹೆಂಗಸು ಈ ಸಾಲು ಕೇಳಿದ ಮೇಲೆ ದೂರು ಕೊಡೋಕೆ ಧೈರ್ಯ ಮಾಡ್ತಾಳಾ?

ನಾಲ್ಕು, ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನ ತಿದ್ದಿದೆ. ಆ ತಿದ್ದುಪಡಿಗೆ ಮಾತ್ರ ಕಾಯೋ ಕೆಲಸ ಇಲ್ಲ, 2025ರ ನವೆಂಬರ್‌ನಲ್ಲೇ ಜಾರಿ. ಅಧಿಕಾರಿಗಳ, ಗುತ್ತಿಗೆದಾರರ ವಿವರ ಕೇಳಿದ್ರೆ 'ವೈಯಕ್ತಿಕ ಮಾಹಿತಿ' ಅಂತ ಬಾಗಿಲು ಹಾಕೋಕೆ ದಾರಿ ಆಯ್ತು. ದೊಡ್ಡವರ ಗುಟ್ಟಿಗೆ ತಕ್ಷಣ ಬೀಗ, ಬಡವರ ಗುಟ್ಟಿಗೆ ನಿಧಾನವಾಗಿ ಬೀಗ. ಅದೂ ಬೇರೆಯವರ ಕೈಲಿ ಕೀಲಿಕೈ ಕೊಟ್ಟು.

2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರು ಮಾಡಿದಾಗ ಹೈಕೋರ್ಟ್ ಅದಕ್ಕೆ ತಡೆ ಕೊಡಲಿಲ್ಲ. ಆದ್ರೆ ಸಂಗ್ರಹಿಸಿದ ಮಾಹಿತಿ ಗೌಪ್ಯವಾಗಿರಬೇಕು, ಯಾರಿಗೂ ಕೊಡಬಾರದು ಅಂತ ಕಟ್ಟುನಿಟ್ಟಾಗಿ ಹೇಳ್ತು. ಸರಿಯಾದ ಮಾತು. ಆಯೋಗ ಕೇಳಿ ಬರೆದುಕೊಂಡ ಜಾತಿಗೆ ಕೋರ್ಟಿನ ಕಾವಲಿದೆ. ಅಂಗಡಿಯ ಹಾಳೆಯಲ್ಲಿ ಅಡ್ರೆಸ್ಸಿನ ವೇಷ ಹಾಕಿ ಕೂತಿರೋ ಅದೇ ಜಾತಿಗೆ ಯಾರ ಕಾವಲು?

ಈಗ ಸಣ್ಣ ಅಂಗಡಿಗಳ ವಿಷಯಕ್ಕೆ ಬರ್ತೀನಿ. ಇಲ್ಲಿ ನಮ್ಮವರೂ ಇದ್ದಾರೆ. ಸ್ವಸಹಾಯ ಸಂಘದ ಅಕ್ಕಂದಿರು ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಮಾಡಿ ವಾಟ್ಸಾಪಿನಲ್ಲಿ ಮಾರ್ತಾರೆ. ಹುಡುಗರು ಇನ್‌ಸ್ಟಾಗ್ರಾಂನಲ್ಲಿ ಬಾಬಾಸಾಹೇಬರ ಟೀ ಶರ್ಟು, ಪುಸ್ತಕ ಮಾರ್ತಾರೆ. "ಅಣ್ಣಾ, ಪಾಪ ನಮ್ಮೋರು ಈಗ ತಾನೇ ವ್ಯಾಪಾರಕ್ಕೆ ಇಳಿದಿದ್ದಾರೆ, ಅವರ ಮೇಲೆ ಯಾಕೆ ಬರೀತೀರಿ?" ಅಂತ ಕೇಳೋರು ಇದ್ದಾರೆ. ನಮ್ಮೋರು ಅನ್ನೋ ಕಾರಣಕ್ಕೇ ಬರೀತಿದೀನಿ.

ದೊಡ್ಡ ಅಂಗಡಿಗೆ ಏನೂ ಆಗಲ್ಲ. ಬಿಗ್‌ಬಾಸ್ಕೆಟ್‌ನ ಮಾಹಿತಿ ಪುಕ್ಕಟೆಯಾಗಿ ಹರಿದಾಡಿದ ಮರು ತಿಂಗಳೇ, 2021ರ ಮೇನಲ್ಲಿ, ಟಾಟಾ ಡಿಜಿಟಲ್ ಅದರ ಬಹುಪಾಲು ಷೇರು ಕೊಂಡಿತು. ಗಿರಾಕಿಗಳೂ ಮರಳಿ ಬಂದ್ರು, ಯಾಕಂದ್ರೆ ಹತ್ತು ನಿಮಿಷದಲ್ಲಿ ತರಕಾರಿ ಬೇಕು. ಸಣ್ಣ ಅಂಗಡಿಗೆ ಈ ಸೌಭಾಗ್ಯ ಇಲ್ಲ. ಇನ್ನೂರು ಗಿರಾಕಿ ಇರೋ ಅಕ್ಕನ ಹತ್ರ ಇಪ್ಪತ್ತು ಜನ ಬಿಟ್ಟುಹೋದ್ರೆ ಆ ತಿಂಗಳ ಸಂಘದ ಕಂತು ಕಟ್ಟೋಕಾಗಲ್ಲ. ಅದ್ರಲ್ಲೂ ಮಾರೋರು ದಲಿತರಾದ್ರೆ ತಪ್ಪಿನ ತೂಕವೇ ಬೇರೆ. ಬೇರೆಯವರದ್ದು ಸೋರಿದ್ರೆ 'ಸರ್ವರ್ ಪ್ರಾಬ್ಲಂ', ನಮ್ಮವರದ್ದು ಸೋರಿದ್ರೆ 'ಇವರಿಗೆಲ್ಲ ವ್ಯಾಪಾರ ಎಲ್ಲಿ ಬರುತ್ತೆ?'. ದಲಿತ ಹೆಂಗಸು ಅಡುಗೆ ಮಾಡ್ತಾಳೆ ಅಂತ ಶಾಲೆಯ ಬಿಸಿಯೂಟ ಬಿಡೋ ಜನ ಇರೋ ನಾಡಲ್ಲಿ, ಅವಳ ಕೈಯ ಉಪ್ಪಿನಕಾಯಿ ಮಾರಾಟ ಆಗ್ತಿರೋದೇ ದೊಡ್ಡ ಗೆಲುವು. ಆ ಗೆಲುವನ್ನ ಒಂದು ತೆರೆದಿಟ್ಟ ಹಾಳೆಗೆ ಬಲಿಕೊಡಬಾರದು.

ಸಣ್ಣ ಅಂಗಡಿಯ ಮಾಹಿತಿ ಹೇಗೆ ಸೋರುತ್ತೆ? ರಷ್ಯಾದಲ್ಲಿ ಕೂತ ಹ್ಯಾಕರ್ ಬೇಕಾಗಿಲ್ಲ. ಆರ್ಡರ್ ಬರೆಯೋ ಗೂಗಲ್ ಶೀಟನ್ನ 'ಲಿಂಕ್ ಇದ್ದವರೆಲ್ಲ ನೋಡಬಹುದು' ಅಂತ ಇಟ್ಟಿರ್ತಾರೆ. ಎಲ್ಲಾ ಕಡೆ ಒಂದೇ ಪಾಸ್‌ವರ್ಡ್, ಅದೂ ಮಗಳ ಹೆಸರು. ಹಳೇ ಫೋನು ಮಾರುವಾಗ ಒಳಗಿನದ್ದು ಅಳಿಸಿರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, 'ಇವತ್ತಿನ ಪಾರ್ಸೆಲ್‌ಗಳು' ಅಂತ ಸ್ಟೇಟಸ್ ಹಾಕ್ತಾರಲ್ಲ, ಆ ಫೋಟೋ ದೊಡ್ಡದು ಮಾಡಿ ನೋಡಿ. ಪ್ರತಿ ಪಾರ್ಸೆಲ್ ಮೇಲೂ ಹೆಸರು, ನಂಬರು, ಕೇರಿ. ಖುಷಿಯಲ್ಲಿ ಹಾಕಿದ್ದು, ಒಪ್ತೀನಿ. ಆದ್ರೂ ಅದು ಸೋರಿಕೆಯೇ.

ಅದಕ್ಕೇ ಅಂಗಡಿ ನಡೆಸೋ ಅಕ್ಕಂದಿರಿಗೆ, ತಮ್ಮಂದಿರಿಗೆ ನನ್ನ ಕೋರಿಕೆ ಇಷ್ಟು:

ಬೇಡದ್ದನ್ನ ಕೇಳಬೇಡಿ. ಚಟ್ನಿಪುಡಿ ಕಳಿಸೋಕೆ ಹುಟ್ಟಿದ ದಿನಾಂಕ ಯಾಕೆ? ಆಧಾರ್ ಫೋಟೋ ಅಂತೂ ಬೇಡವೇ ಬೇಡ. ಇಲ್ಲದ್ದು ಸೋರಲ್ಲ.

ಬೀದಿ ಹೆಸರು ಕಡ್ಡಾಯ ಮಾಡಬೇಡಿ. ಊರಿನ ಅಂಚೆ ಕಚೇರಿಗೋ, ಬಸ್‌ಸ್ಟ್ಯಾಂಡ್ ಅಂಗಡಿಗೋ ಕಳಿಸಿ ಅಂತ ಗಿರಾಕಿ ಕೇಳಿದ್ರೆ ಒಪ್ಪಿಕೊಳ್ಳಿ. ಯಾಕೆ ಅಂತ ಕೇಳೋಕೆ ಹೋಗಬೇಡಿ.

ಪಾರ್ಸೆಲ್ ಮುಟ್ಟಿ, ವಾಪಸ್ ಕೊಡೋ ಗಡುವು ಮುಗಿದ ಮೇಲೆ ಶೀಟಿನಿಂದ ಅಡ್ರೆಸ್ ಅಳಿಸಿ. ಲೆಕ್ಕಕ್ಕೆ ಬಿಲ್ಲು ಸಾಕು. ಶೀಟಿನ ಲಿಂಕು ಯಾರಿಗೆ ಬೇಕೋ ಅವರಿಗೆ ಮಾತ್ರ ತೆರೆಯೋ ಹಾಗೆ ಇಡಿ.

ಸೋರಿದ್ದು ಗೊತ್ತಾದ್ರೆ ಅವತ್ತೇ ಹೇಳಿ. ವಕೀಲರ ಇಂಗ್ಲಿಷ್ ಬೇಡ. ನಿಮ್ಮ ಸ್ವಂತ ದನಿಯಲ್ಲಿ, ಕನ್ನಡದಲ್ಲಿ ಒಂದು ವಾಯ್ಸ್ ಮೆಸೇಜ್ ಸಾಕು: "ಇಂಥ ದಿನ ಹೀಗಾಗಿದೆ, ನಿಮ್ಮ ಇಷ್ಟು ಮಾಹಿತಿ ಹೋಗಿದೆ, ನಾನು ಇಷ್ಟು ಮಾಡಿದೀನಿ, ನನ್ನ ಹೆಸರು ಹೇಳಿಕೊಂಡು ಯಾರಾದ್ರೂ ಫೋನ್ ಮಾಡಿ ದುಡ್ಡು ಕೇಳಿದ್ರೆ ಕೊಡಬೇಡಿ." ಓದೋಕೆ ಬಾರದ ಗಿರಾಕಿಗೆ ಫೋನ್ ಮಾಡಿ ಹೇಳಿ. ಅವತ್ತು ಹತ್ತು ಜನ ಬಯ್ಯಬಹುದು. ಬಯ್ದೋರು ನಾಳೆ ಬರ್ತಾರೆ. ಬೇರೆಯವರ ಬಾಯಿಂದ ವಿಷಯ ತಿಳಿದೋರು ಬರಲ್ಲ.

ಕೊಳ್ಳೋರಿಗೂ ಎರಡು ಮಾತು. ದುಡ್ಡು ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಹಣ ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ನಿಮ್ಮದೂ ಅಲ್ಲದ, ಬ್ಯಾಂಕಿನದ್ದೂ ಅಲ್ಲದ ತಪ್ಪಿನಿಂದ ಖಾತೆಯ ಹಣ ಹೋಗಿ, ಬ್ಯಾಂಕಿನಿಂದ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ನೀವು ಬ್ಯಾಂಕಿಗೆ ತಿಳಿಸಿದ್ರೆ ನಷ್ಟ ನಿಮ್ಮ ಮೇಲೆ ಬರಬಾರದು. ಓಟಿಪಿ ನೀವೇ ಹೇಳಿದ್ರೆ ಮಾತ್ರ ಈ ರಕ್ಷಣೆ ಸಿಗಲ್ಲ, ಅದಕ್ಕೆ ಓಟಿಪಿ ದೇವರಿಗೂ ಹೇಳಬೇಡಿ. ಆರ್ಡರ್ ಮಾಡದ ಪಾರ್ಸೆಲ್ 'ಕ್ಯಾಶ್ ಆನ್ ಡೆಲಿವರಿ' ಅಂತ ಮನೆಗೆ ಬಂದ್ರೆ ದುಡ್ಡು ಕೊಡಬೇಡಿ, ವಾಪಸ್ ಕಳಿಸಿ. ಮನೇಲಿರೋ ಅವ್ವನಿಗೂ ಇದನ್ನ ಹೇಳಿಡಿ.

ಇನ್ನು ನಮ್ಮ ಸಂಘಟನೆಗಳು. ಜಯಂತಿಗೆ, ಜಾಥಾಕ್ಕೆ, ಅಧ್ಯಯನ ಶಿಬಿರಕ್ಕೆ ಹೆಸರು ನೋಂದಾಯಿಸೋ ಫಾರಂಗಳೂ ಪಟ್ಟಿಗಳೇ. ಹೆಸರು, ಊರು, ನಂಬರು, ಕೆಲವೊಮ್ಮೆ ಒಳಜಾತಿ ಕೂಡ ಅದರಲ್ಲಿರುತ್ತೆ. ಅಂಗಡಿಯವರಿಗೆ ಹಾಕೋ ಷರತ್ತು ನಮಗೂ ಅನ್ವಯಿಸಬೇಕು. ಶಿಬಿರ ಮುಗಿದ ಮೇಲೆ ಆ ಹಾಳೆ ಯಾರ ಕೈಲಿದೆ ಅಂತ ಪ್ರತಿ ತಾಲ್ಲೂಕು ಸಮಿತಿಯೂ ಕೇಳಿಕೊಳ್ಳಲಿ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಮೂರು. ಜಾತಿ ಮತ್ತು ಜಾತಿಯನ್ನ ತೋರಿಸಿಕೊಡೋ ಮಾಹಿತಿ ಎರಡೂ ಸೂಕ್ಷ್ಮ ಮಾಹಿತಿ ಅಂತ ಕಾನೂನಿನಲ್ಲಿ ಬರಬೇಕು, ವಿಳಾಸವೂ ಸೇರಿ. ಮಾಹಿತಿ ಕಳಕೊಂಡ ಗಿರಾಕಿಗೆ ಪರಿಹಾರದ ಹಕ್ಕು ಉಳಿಯಬೇಕು. ಸೋರಿಕೆಯ ಸುದ್ದಿ ಗಿರಾಕಿಗೆ ಅವರ ಭಾಷೆಯಲ್ಲಿ, ಸರ್ಕಾರಕ್ಕೆ ಮುಟ್ಟೋ ಹೊತ್ತಿಗೇ ಮುಟ್ಟಬೇಕು. 2027ರವರೆಗೆ ಕಾಯಿರಿ ಅನ್ನೋದು ನ್ಯಾಯ ಅಲ್ಲ.

ಜಿಲ್ಲಾ ಮಟ್ಟದ ನಮ್ಮ ಮುಂದಿನ ಸಭೆಗಳಲ್ಲಿ ಭೂಮಿ, ಸ್ಮಶಾನ, ಹಾಸ್ಟೆಲ್ ಜೊತೆ ಇದನ್ನೂ ಒಂದು ವಿಷಯವಾಗಿ ಸೇರಿಸೋಣ. "ಇದೆಲ್ಲ ಪೇಟೆಯೋರ ಸಮಸ್ಯೆ" ಅಂತ ತಳ್ಳಿಹಾಕಬೇಡಿ. ಫೋನು ಕೇರಿಗೆ ಬಂದು ಎಷ್ಟೋ ವರ್ಷ ಆಯ್ತು, ಅದರ ಹಿಂದೆಯೇ ಕಳ್ಳನೂ ಬಂದಿದ್ದಾನೆ. ಮುಂದಿನ ಸಲ ಯಾರಾದ್ರೂ 'ಬರೀ ಅಡ್ರೆಸ್ ಹೋಗಿರೋದು' ಅಂದ್ರೆ, ಅವರ ಅಡ್ರೆಸ್ ಯಾವ ಬೀದಿಯದ್ದು ಅಂತ ಒಂದು ಸಲ ಕೇಳಿ ನೋಡಿ.

ನಿಮ್ಮ ಕಡೆ ಇಂಥದ್ದು ನಡೆದಿದ್ರೆ ಕಾಮೆಂಟಿನಲ್ಲಿ ಬರೀರಿ. ಹೆಸರು, ನಂಬರು, ಊರು ಬೇಡ. ಏನಾಯ್ತು ಅನ್ನೋದಷ್ಟೇ ಸಾಕು.

ಜೈ ಭೀಮ್.